ಪಾಸ್‌ವರ್ಡ್ ಸರಿ ಇದ್ದರೂ ಸರ್ವರ್ ಒಳಗೆ ಬಿಡುತ್ತಿಲ್ಲವೇ? ಫಾರ್ಮ್ಯಾಟ್ ಮಾಡಬೇಡಿ

ಪ್ರಶ್ನೆ: ನಮ್ಮದು ಹದಿನಾಲ್ಕು ಜನರ ಆಫೀಸ್. ಒಂದು ವಿಂಡೋಸ್ ಸರ್ವರ್ 2019 ಇದೆ. ಡೊಮೇನ್ (ಎಲ್ಲರ ಅಕೌಂಟ್‌ಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲ, ಬರೀ ವರ್ಕ್‌ಗ್ರೂಪ್. ಸಿಬ್ಬಂದಿ ಯಾರೂ ಸರ್ವರ್‌ಗೆ ನೇರವಾಗಿ ಲಾಗಿನ್ ಆಗಬಾರದು ಅಂತ ಲೋಕಲ್ ಸೆಕ್ಯುರಿಟಿ ಪಾಲಿಸಿಗೆ ಹೋಗಿ, 'ಡಿನೈ ಲಾಗ್ ಆನ್ ಲೋಕಲಿ' ಮತ್ತು 'ಡಿನೈ ಲಾಗ್ ಆನ್ ಥ್ರೂ ರಿಮೋಟ್ ಡೆಸ್ಕ್‌ಟಾಪ್ ಸರ್ವೀಸಸ್' ಎರಡಕ್ಕೂ ಯೂಸರ್ಸ್ ಗುಂಪನ್ನು ಸೇರಿಸಿದೆ. ಲಾಗ್ ಆಫ್ ಆದೆ. ಈಗ ಅಡ್ಮಿನಿಸ್ಟ್ರೇಟರ್ ಹೆಸರಲ್ಲೂ ಒಳಗೆ ಬಿಡುತ್ತಿಲ್ಲ, ಈ ಸೈನ್-ಇನ್ ವಿಧಾನಕ್ಕೆ ಅನುಮತಿ ಇಲ್ಲ ಅನ್ನುತ್ತದೆ. ಸೇಫ್ ಮೋಡ್‌ನಲ್ಲೂ ಅದೇ. ಸಿಬ್ಬಂದಿಯ ಕಂಪ್ಯೂಟರ್‌ಗಳಲ್ಲಿ ಟ್ಯಾಲಿ ಮಾತ್ರ ಎಂದಿನಂತೆ ಓಡುತ್ತಿದೆ. ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿ ಅಂತ ಒಬ್ಬರು ಹೇಳಿದ್ದಾರೆ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಅದರ ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ. ಟ್ಯಾಲಿ ಓಡುತ್ತಿದೆ ಅಂದಿರಲ್ಲ, ಅದೇ.

ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ಡೇಟಾಗೆ ಏನೂ ಆಗಿಲ್ಲ, ಪಾಸ್‌ವರ್ಡ್‌ಗೂ ಏನೂ ಆಗಿಲ್ಲ. ಸರ್ವರ್‌ಗೆ ನೀವು ಯಾರು ಅಂತ ಚೆನ್ನಾಗಿ ಗೊತ್ತು. ಈ ಬಾಗಿಲಿನಿಂದ ಬರಬೇಡಿ ಅಂತ ಮಾತ್ರ ಹೇಳುತ್ತಿದೆ. ಹಾಗಾಗಿ ಪಾಸ್‌ವರ್ಡ್ ರೀಸೆಟ್ ಮಾಡುವ ಸಿ.ಡಿ.ಗಳು, ಹೊಸ ಅಕೌಂಟ್ ಮಾಡುವುದು, ಸೇಫ್ ಮೋಡ್, ಇವು ಯಾವುವೂ ಕೆಲಸಕ್ಕೆ ಬರುವುದಿಲ್ಲ. ಸೇಫ್ ಮೋಡ್‌ನಲ್ಲಿ ಡ್ರೈವರ್‌ಗಳು ಕಡಿಮೆ ಆಗುತ್ತವೆ ಅಷ್ಟೆ, ಲಾಗಿನ್ ಹಕ್ಕಿನ ಪಟ್ಟಿ ಅದೇ ಇರುತ್ತದೆ.

ಅಡ್ಮಿನಿಸ್ಟ್ರೇಟರ್ ಯಾಕೆ ಸಿಕ್ಕಿಬಿದ್ದರು ಅನ್ನೋದನ್ನು ಹೇಳಿಬಿಡುತ್ತೇನೆ, ಯಾಕಂದ್ರೆ ಈ ತಪ್ಪನ್ನು ಬಹಳ ಜನ ಮಾಡುತ್ತಾರೆ. ಯೂಸರ್ಸ್ ಅಂದರೆ 'ಸಾಮಾನ್ಯ ಬಳಕೆದಾರರು', ಅಡ್ಮಿನ್‌ಗಳು ಬೇರೆ ಗುಂಪು, ಅಂತ ನೀವು ಅಂದುಕೊಂಡಿರಿ. ಹೆಸರು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ವಿಂಡೋಸ್‌ನಲ್ಲಿ ಯೂಸರ್ಸ್ ಗುಂಪಿನ ಒಳಗೆ 'ಅಥೆಂಟಿಕೇಟೆಡ್ ಯೂಸರ್ಸ್' ಮತ್ತು 'ಇಂಟರ್‌ಆಕ್ಟಿವ್' ಅನ್ನುವ ಎರಡು ವಿಶೇಷ ಗುಂಪುಗಳು ಮೊದಲಿನಿಂದಲೇ ಸೇರಿರುತ್ತವೆ. ಸರಿಯಾದ ಪಾಸ್‌ವರ್ಡ್ ಕೊಟ್ಟ ಪ್ರತಿಯೊಬ್ಬರೂ ಅಥೆಂಟಿಕೇಟೆಡ್ ಯೂಸರ್ ಆಗುತ್ತಾರೆ, ಅಡ್ಮಿನಿಸ್ಟ್ರೇಟರ್ ಕೂಡ. ಹೊಸ ಅಕೌಂಟ್ ಮಾಡಿದರೂ ಉಪಯೋಗವಿಲ್ಲ ಅಂದಿದ್ದು ಇದಕ್ಕೇ. ಇನ್ನೊಂದು ನಿಯಮವೂ ಇದೆ: 'ಅಲೌ' ಮತ್ತು 'ಡಿನೈ' ಎರಡರಲ್ಲೂ ಹೆಸರಿದ್ದರೆ ಗೆಲ್ಲುವುದು ಡಿನೈ. ಅಡ್ಮಿನಿಸ್ಟ್ರೇಟರ್ಸ್ ಗುಂಪು ಅಲೌ ಪಟ್ಟಿಯಲ್ಲಿ ಇದ್ದರೂ ಪ್ರಯೋಜನ ಆಗಲಿಲ್ಲ.

ಈಗ ಟ್ಯಾಲಿ ವಿಷಯಕ್ಕೆ ಬರೋಣ. ವಿಂಡೋಸ್ ಪ್ರತಿ ಲಾಗಿನ್‌ಗೂ ಒಂದು ನಂಬರ್ ಇಟ್ಟುಕೊಂಡಿದೆ. ಸರ್ವರ್ ಮುಂದೆ ಕೂತು ಲಾಗಿನ್ ಆದರೆ ಅದು ಟೈಪ್ 2. ನೆಟ್‌ವರ್ಕ್ ಮೂಲಕ ಶೇರ್ ಫೋಲ್ಡರ್ ತೆರೆದರೆ ಟೈಪ್ 3. ಶೆಡ್ಯೂಲ್ ಮಾಡಿದ ಕೆಲಸ ಟೈಪ್ 4, ಸರ್ವೀಸ್‌ಗಳು ಟೈಪ್ 5, ರಿಮೋಟ್ ಡೆಸ್ಕ್‌ಟಾಪ್ ಟೈಪ್ 10. ಇವು ಒಂದೊಂದಕ್ಕೂ ಬೇರೆ ಬೇರೆ ಅಲೌ, ಬೇರೆ ಬೇರೆ ಡಿನೈ. ನೀವು ಮುಚ್ಚಿದ್ದು 2 ಮತ್ತು 10 ಮಾತ್ರ. ಸಿಬ್ಬಂದಿ ಟ್ಯಾಲಿ ಡೇಟಾ ತೆರೆಯುತ್ತಿರುವುದು 3ರ ಮೂಲಕ. ಅಂದ್ರೆ ಆ ಬಾಗಿಲು ತೆಗೆದೇ ಇದೆ, ಅಡ್ಮಿನಿಸ್ಟ್ರೇಟರ್‌ಗೂ ತೆಗೆದೇ ಇದೆ. ನಾವು ಅಲ್ಲಿಂದ ಒಳಗೆ ಹೋಗಿ ಆ ಎರಡು ಚಿಲಕ ತೆಗೆದು ಬರೋಣ.

ಅದಕ್ಕೂ ಮೊದಲು ಬ್ಯಾಕಪ್. ಸಿಬ್ಬಂದಿಯ ಯಾವುದಾದರೂ ಕಂಪ್ಯೂಟರ್‌ನಿಂದ ಟ್ಯಾಲಿ ಡೇಟಾ ಫೋಲ್ಡರನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ, ಎಲ್ಲರೂ ಟ್ಯಾಲಿ ಮುಚ್ಚಿದ ಮೇಲೆ. ನಾವು ಮಾಡುವ ಕೆಲಸದಿಂದ ಆ ಫೈಲ್‌ಗಳಿಗೆ ತೊಂದರೆ ಇಲ್ಲ, ಆದರೂ ಕಾಪಿ ಇಲ್ಲದೆ ಸರ್ವರ್ ಮುಟ್ಟಬೇಡಿ. (ಕಮಾಂಡ್‌ಗಳ ಹೆಸರನ್ನು ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಮಾಡಿ.)

ಮೊದಲ ದಾರಿ ಪವರ್‌ಶೆಲ್ ರಿಮೋಟಿಂಗ್, ಅಂದರೆ ಬೇರೆ ಕಂಪ್ಯೂಟರ್‌ನಲ್ಲಿ ಕೂತು ಸರ್ವರ್‌ಗೆ ಕಮಾಂಡ್ ಕೊಡುವುದು. ಸರ್ವರ್ 2012ರಿಂದ ಈಚೆಗೆ ಇದು ಮೊದಲೇ ಆನ್ ಆಗಿರುತ್ತದೆ, ಪೋರ್ಟ್ 5985. ಅದೇ ನೆಟ್‌ವರ್ಕ್‌ನಲ್ಲಿರುವ ಒಂದು ವಿಂಡೋಸ್ 10 ಅಥವಾ 11 ಕಂಪ್ಯೂಟರ್‌ನಲ್ಲಿ ಪವರ್‌ಶೆಲ್ಲನ್ನು 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಮಾಡಿ, ರಿಮೋಟಿಂಗ್‌ಗೆ ಬೇಕಾದ ವಿನ್‌ಆರ್‌ಎಂ ಸರ್ವೀಸ್ ಶುರು ಮಾಡಿ. ನಿಮ್ಮದು ವರ್ಕ್‌ಗ್ರೂಪ್ ಆದ್ದರಿಂದ ಆ ಕಂಪ್ಯೂಟರ್‌ನ 'ಟ್ರಸ್ಟೆಡ್ ಹೋಸ್ಟ್ಸ್' ಪಟ್ಟಿಗೆ ಸರ್ವರ್‌ನ ಐ.ಪಿ. ವಿಳಾಸ ಸೇರಿಸಬೇಕು. ಇಲ್ಲದಿದ್ದರೆ ಸರ್ವರ್‌ವರೆಗೂ ಹೋಗದೆ ನಿಮ್ಮ ಕಂಪ್ಯೂಟರ್‌ನಲ್ಲೇ ಎರರ್ ಬರುತ್ತದೆ, ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ. ಆಮೇಲೆ 'ಎಂಟರ್-ಪಿಎಸ್‌ಸೆಷನ್' ಕಮಾಂಡ್‌ಗೆ ಸರ್ವರ್‌ನ ಐ.ಪಿ. ಮತ್ತು ಅಡ್ಮಿನಿಸ್ಟ್ರೇಟರ್ ಹೆಸರು ಕೊಡಿ. ಪಾಸ್‌ವರ್ಡ್ ಕೇಳುತ್ತದೆ. ಸಾಲಿನ ಮೊದಲಿಗೆ ಸರ್ವರ್‌ನ ವಿಳಾಸ ಕಾಣಿಸಿದರೆ ನೀವು ಒಳಗೆ ಇದ್ದೀರಿ.

ಇಲ್ಲಿ ಒಂದು ವಿಷಯ. ಅಡ್ಮಿನಿಸ್ಟ್ರೇಟರ್ ಅಂದರೆ ವಿಂಡೋಸ್ ಜೊತೆಗೇ ಬಂದ ಮೂಲ ಅಕೌಂಟನ್ನೇ ಬಳಸಿ. ನೀವೇ ಮಾಡಿಕೊಂಡ ಬೇರೆ ಲೋಕಲ್ ಅಡ್ಮಿನ್ ಅಕೌಂಟ್ ಆದರೆ ನೆಟ್‌ವರ್ಕ್ ಮೂಲಕ ಬರುವಾಗ ಯೂಸರ್ ಅಕೌಂಟ್ ಕಂಟ್ರೋಲ್ ಅದರ ಅಡ್ಮಿನ್ ಅಧಿಕಾರವನ್ನು ಕಳಚಿ ಒಳಗೆ ಬಿಡುತ್ತದೆ. ಆಗ 'ಆಕ್ಸೆಸ್ ಡಿನೈಡ್' ಬರುತ್ತದೆ, ಈ ದಾರಿಯೂ ಮುಚ್ಚಿದೆ ಅಂತ ನೀವು ತಪ್ಪು ತಿಳಿಯುತ್ತೀರಿ.

ರಿಮೋಟಿಂಗ್ ಆಗಲಿಲ್ಲ ಅಂದರೆ ಎರಡನೇ ದಾರಿ ಪಿಎಸ್‌ಎಕ್ಸೆಕ್. ಇದು ಸಿಸ್‌ಇಂಟರ್ನಲ್ಸ್‌ನ ಉಪಕರಣ. ಸಿಸ್‌ಇಂಟರ್ನಲ್ಸನ್ನು 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, ಈಗ ಮೈಕ್ರೋಸಾಫ್ಟ್ ಸೈಟ್‌ನಲ್ಲೇ ಪುಕ್ಕಟೆ ಸಿಗುತ್ತದೆ. ಬೇರೆ ಎಲ್ಲಿಂದಲೂ ಇಳಿಸಿಕೊಳ್ಳಬೇಡಿ. ಇದು ಕೆಲಸ ಮಾಡುವುದು ಪೋರ್ಟ್ 445ರ ಮೇಲೆ, ಫೈಲ್ ಶೇರಿಂಗ್ ಓಡುವುದೂ ಅದೇ ಪೋರ್ಟ್‌ನಲ್ಲಿ. ಟ್ಯಾಲಿ ಓಡುತ್ತಿದೆ ಅಂದಮೇಲೆ ಅದು ತೆಗೆದಿದೆ. ಮೊದಲು 'ನೆಟ್ ಯೂಸ್' ಕಮಾಂಡ್‌ನಿಂದ ಸರ್ವರ್‌ನ 'ಐಪಿಸಿ ಡಾಲರ್' ಶೇರ್‌ಗೆ ಅಡ್ಮಿನಿಸ್ಟ್ರೇಟರ್ ಆಗಿ ಕನೆಕ್ಟ್ ಆಗಿ, ಆಮೇಲೆ ಪಿಎಸ್‌ಎಕ್ಸೆಕ್‌ಗೆ ಹೈಫನ್ ಎಸ್ ಮಾತ್ರ ಕೊಟ್ಟು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಹೈಫನ್ ಯು ಬಳಸಿ ಹೆಸರು ಕೊಡಬೇಡಿ. ಹಾಗೆ ಕೊಟ್ಟರೆ ಅದು ಸರ್ವರ್ ಒಳಗೆ ಟೈಪ್ 2 ಲಾಗಿನ್ ಮಾಡಲು ಹೋಗುತ್ತದೆ, ನೀವು ಮುಚ್ಚಿರುವುದು ಅದನ್ನೇ ಅಲ್ವಾ? ಹೈಫನ್ ಎಸ್ ಅಂದರೆ ಸಿಸ್ಟಮ್ ಅಕೌಂಟ್. ಅದು ಸರ್ವರ್ ಒಳಗೇ ವಾಸವಾಗಿರುವ ಅಕೌಂಟ್, ಬಾಗಿಲು ದಾಟುವ ಪ್ರಶ್ನೆಯೇ ಇಲ್ಲ.

'ನೆಟ್ ಯೂಸ್' ಮಾಡುವಾಗ ಎರರ್ 1219 ಬಂದರೆ ಗಾಬರಿ ಬೇಡ. ಆ ಕಂಪ್ಯೂಟರ್‌ನಲ್ಲಿ ಟ್ಯಾಲಿ ಡ್ರೈವ್ ಬೇರೆ ಹೆಸರಿನಲ್ಲಿ ಮೊದಲೇ ಕನೆಕ್ಟ್ ಆಗಿದೆ ಅಂತ ಅರ್ಥ. ಒಂದೇ ಸರ್ವರ್‌ಗೆ ಒಂದೇ ಹೊತ್ತಿಗೆ ಎರಡು ಹೆಸರಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ. ಆ ಮ್ಯಾಪ್ ಮಾಡಿದ ಡ್ರೈವ್ ತೆಗೆದುಹಾಕಿ ಮತ್ತೆ ಪ್ರಯತ್ನಿಸಿ, ಇಲ್ಲವೇ ಸರ್ವರ್ ಹೆಸರಿನ ಬದಲು ಐ.ಪಿ. ಹಾಕಿ.

ಒಳಗೆ ಬಂದಾಯಿತು. ಈಗ ಮುಖ್ಯ ಕೆಲಸ. ಅದಕ್ಕೆ 'ಸೆಕ್‌ಎಡಿಟ್' ಅನ್ನುವ ಕಮಾಂಡ್ ಇದೆ, ವಿಂಡೋಸ್ ಜೊತೆಗೇ ಬರುತ್ತದೆ. ಮೊದಲು ಅದರ ಎಕ್ಸ್‌ಪೋರ್ಟ್ ಆಯ್ಕೆ ಬಳಸಿ, ಏರಿಯಾಸ್ ಜಾಗದಲ್ಲಿ 'ಯೂಸರ್ ರೈಟ್ಸ್' (ನಡುವೆ ಅಂಡರ್‌ಸ್ಕೋರ್) ಅಂತ ಕೊಟ್ಟು, ಈಗಿನ ಹಕ್ಕುಗಳನ್ನೆಲ್ಲ ಸಿ ಡ್ರೈವ್‌ನ ಒಂದು ಐಎನ್‌ಎಫ್ ಫೈಲ್‌ಗೆ ಬರೆಸಿಕೊಳ್ಳಿ. ಅದರ ಒಂದು ಕಾಪಿ ಪಕ್ಕಕ್ಕೆ ಇಡಿ. ರಿಮೋಟ್ ಕಿಟಕಿಯಲ್ಲಿ ನೋಟ್‌ಪ್ಯಾಡ್ ತೆರೆಯುವುದಿಲ್ಲ. ಹಾಗಾಗಿ ನಿಮ್ಮ ಕಂಪ್ಯೂಟರ್‌ನಿಂದಲೇ ಸರ್ವರ್‌ನ 'ಸಿ ಡಾಲರ್' ಶೇರ್‌ಗೆ ಹೋಗಿ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ.

'ಪ್ರಿವಿಲೇಜ್ ರೈಟ್ಸ್' ಅನ್ನುವ ಭಾಗದಲ್ಲಿ 'ಎಸ್‌ಇಡಿನೈಇಂಟರ್‌ಆಕ್ಟಿವ್‌ಲಾಗಾನ್‌ರೈಟ್' ಮತ್ತು 'ಎಸ್‌ಇಡಿನೈರಿಮೋಟ್‌ಇಂಟರ್‌ಆಕ್ಟಿವ್‌ಲಾಗಾನ್‌ರೈಟ್' ಅನ್ನುವ ಎರಡು ಸಾಲು ಸಿಗುತ್ತವೆ. ಸಮ ಚಿಹ್ನೆಯ ಮುಂದೆ ಎಸ್-1-5-32-545 ಅಂತ ಇರುತ್ತದೆ. ಅದೇ ಯೂಸರ್ಸ್ ಗುಂಪು. ಅಡ್ಮಿನಿಸ್ಟ್ರೇಟರ್ಸ್ ಆಗಿದ್ದರೆ ಕೊನೆಯಲ್ಲಿ 544. ಆ ನಂಬರನ್ನು ಅದರ ಹಿಂದಿನ ನಕ್ಷತ್ರ ಚಿಹ್ನೆ ಸಮೇತ ಅಳಿಸಿ. ಸಾಲನ್ನು ಮಾತ್ರ ಅಳಿಸಬೇಡಿ!

ಇದನ್ನು ಒತ್ತಿ ಹೇಳುತ್ತೇನೆ, ಯಾಕಂದ್ರೆ ನಾನೇ ಒಮ್ಮೆ ಒಂದು ಆಫೀಸಿನ ಸರ್ವರ್‌ನಲ್ಲಿ ಈ ಸಾಲನ್ನೇ ಪೂರ್ತಿ ತೆಗೆದುಹಾಕಿದ್ದೆ. ಕಮಾಂಡ್ ಯಶಸ್ವಿಯಾಗಿ ಮುಗಿಯಿತು ಅಂತ ಬಂತು, ಬಾಗಿಲು ಮಾತ್ರ ತೆರೆಯಲಿಲ್ಲ. ಆ ಸಂಜೆಯೆಲ್ಲ ಬೇರೆಲ್ಲೋ ಹುಡುಕುತ್ತಾ ಕೂತಿದ್ದೆ. ಸಾಲು ಇಲ್ಲ ಅಂದರೆ 'ಈ ಹಕ್ಕಿನ ಬಗ್ಗೆ ನಾನೇನೂ ಹೇಳುತ್ತಿಲ್ಲ, ಇರುವ ಹಾಗೇ ಇರಲಿ' ಅಂತ ಸೆಕ್‌ಎಡಿಟ್ ಅರ್ಥ ಮಾಡಿಕೊಳ್ಳುತ್ತದೆ. ಸಾಲು ಇದ್ದು ಸಮ ಚಿಹ್ನೆಯ ಮುಂದೆ ಖಾಲಿ ಇದ್ದರೆ 'ಈ ಪಟ್ಟಿಯನ್ನು ಖಾಲಿ ಮಾಡು' ಅಂತ.

ಅದೇ ಗುಣವನ್ನು ನಾವು ಒಳ್ಳೆಯದಕ್ಕೂ ಬಳಸಬಹುದು. ಫೈಲ್‌ನಲ್ಲಿ ಪ್ರಿವಿಲೇಜ್ ರೈಟ್ಸ್ ಕೆಳಗೆ ಈ ಎರಡು ಸಾಲು ಮಾತ್ರ ಉಳಿಸಿ, ಮಿಕ್ಕ ಹಕ್ಕುಗಳ ಸಾಲುಗಳನ್ನೆಲ್ಲ ತೆಗೆಯಿರಿ. ಆಗ ಬೇರೆ ಯಾವುದನ್ನೂ ಅದು ಮುಟ್ಟುವುದಿಲ್ಲ. 'ಯೂನಿಕೋಡ್' ಮತ್ತು 'ವರ್ಷನ್' ಭಾಗಗಳು ಹಾಗೇ ಇರಲಿ. ವರ್ಷನ್ ಭಾಗದಲ್ಲಿ ಎರಡು ಡಾಲರ್ ಚಿಹ್ನೆಗಳ ನಡುವೆ 'ಶಿಕಾಗೊ' ಅಂತ ಇರುತ್ತದೆ, ಅದು ವಿಂಡೋಸ್ 95ರ ಸಂಕೇತನಾಮ, ಇಷ್ಟು ವರ್ಷ ಆದರೂ ಹಾಗೇ ಉಳಿದುಕೊಂಡಿದೆ. ಅದನ್ನು ಅಳಿಸಬೇಡಿ. ಸೇವ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-16 ಎಲ್‌ಇ ಇದೆಯಾ ನೋಡಿ.

ಮತ್ತೆ ರಿಮೋಟ್ ಕಿಟಕಿಗೆ ಬನ್ನಿ. ಸೆಕ್‌ಎಡಿಟ್‌ನ ಕಾನ್ಫಿಗರ್ ಆಯ್ಕೆಗೆ ಈ ಫೈಲನ್ನು ಕೊಡಿ. ಡಿಬಿ ಜಾಗದಲ್ಲಿ ಹೊಸ ಹೆಸರಿನ ಒಂದು ಎಸ್‌ಡಿಬಿ ಫೈಲ್ ಕೊಡಿ, ಏರಿಯಾಸ್ ಮತ್ತೆ ಯೂಸರ್ ರೈಟ್ಸ್. ಕೆಲವು ಸೆಕೆಂಡಿನ ಕೆಲಸ. ರೀಸ್ಟಾರ್ಟ್ ಬೇಕಿಲ್ಲ. ಲಾಗಿನ್ ಹಕ್ಕನ್ನು ನೋಡುವುದು ಲಾಗಿನ್ ಆಗುವ ಕ್ಷಣದಲ್ಲಿ, ಹಾಗಾಗಿ ಈ ಕಿಟಕಿಯನ್ನು ಮುಚ್ಚದೆ ನೇರ ಸರ್ವರ್ ಮುಂದೆ ಹೋಗಿ ಲಾಗಿನ್ ಆಗಿ ನೋಡಿ.

ಇದೇ ಸಮಸ್ಯೆ ಹುಡುಕಿದರೆ 'ಡೆಫ್ಲ್ಟ್‌ಬೇಸ್' ಅನ್ನುವ ಟೆಂಪ್ಲೇಟ್ ಬಳಸಿ ಇಡೀ ಸೆಕ್ಯುರಿಟಿ ಪಾಲಿಸಿಯನ್ನೇ ಮೊದಲಿನಂತೆ ಮಾಡುವ ಒಂದು ಸಾಲಿನ ಕಮಾಂಡ್ ಎಲ್ಲ ಕಡೆ ಸಿಗುತ್ತದೆ. ನನ್ನ ಮಟ್ಟಿಗೆ ಅದು ಕೊನೆಯ ದಾರಿ. ಎರಡು ಸಾಲಿನ ತಪ್ಪಿಗೆ ಎಲ್ಲ ಹಕ್ಕುಗಳನ್ನೂ ಕೆದಕಿ ಹಾಕುತ್ತದೆ. ಟ್ಯಾಲಿ, ಡೇಟಾಬೇಸ್, ಬ್ಯಾಕಪ್ ಸಾಫ್ಟ್‌ವೇರ್‌ಗಳು ತಮಗೆ ಬೇಕು ಅಂತ ಇನ್‌ಸ್ಟಾಲ್ ಆಗುವಾಗ 'ಲಾಗ್ ಆನ್ ಆಸ್ ಎ ಸರ್ವೀಸ್'ನಂಥ ಹಕ್ಕು ತೆಗೆದುಕೊಂಡಿರಬಹುದು. ಅದು ಹೋದರೆ ನೀವು ಒಳಗೆ ಬರುತ್ತೀರಿ, ಸರ್ವೀಸ್‌ಗಳು ಮುಂದಿನ ರೀಸ್ಟಾರ್ಟ್‌ನಲ್ಲಿ ಎದ್ದೇಳುವುದಿಲ್ಲ.

ನಿಮಗೆ ಇಷ್ಟು ಸಾಕು. ಆದರೆ ಇದನ್ನು ಓದುವ ಬೇರೆಯವರು ಇನ್ನೂ ಜಾಸ್ತಿ ಬಿಗಿಯಾಗಿ ಸಿಕ್ಕಿಕೊಂಡಿರಬಹುದು. ಅವರು 'ಡಿನೈ ಆಕ್ಸೆಸ್ ಟು ದಿಸ್ ಕಂಪ್ಯೂಟರ್ ಫ್ರಮ್ ದ ನೆಟ್‌ವರ್ಕ್' ಅನ್ನೂ ಹಾಕಿಬಿಟ್ಟಿದ್ದರೆ ಟೈಪ್ 3 ಕೂಡ ಹೋಯಿತು. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸರ್ವರ್ ಒಳಗೆ ಸಿಸ್ಟಮ್ ಹೆಸರಿನಲ್ಲಿ ನನ್ನ ಮಾತು ಕೇಳುವವರು ಯಾರಾದರೂ ಈಗಾಗಲೇ ಇದ್ದಾರಾ? ಸರ್ವರ್ ಕ್ಲೌಡ್‌ನಲ್ಲಿದ್ದರೆ ಖಂಡಿತ ಇರುತ್ತಾರೆ. ಅಜೂರ್‌ನಲ್ಲಿ ಪೋರ್ಟಲ್‌ನ 'ರನ್ ಕಮಾಂಡ್', ಎಡಬ್ಲ್ಯೂಎಸ್‌ನಲ್ಲಿ ಸಿಸ್ಟಮ್ಸ್ ಮ್ಯಾನೇಜರ್, ಎರಡೂ ಒಳಗಿನ ಏಜೆಂಟ್ ಮೂಲಕ ಸಿಸ್ಟಮ್ ಹೆಸರಿನಲ್ಲಿ ಸ್ಕ್ರಿಪ್ಟ್ ಓಡಿಸುತ್ತವೆ. ಗೂಗಲ್ ಕ್ಲೌಡ್‌ನಲ್ಲಿ ಮೆಟಾಡೇಟಾದಲ್ಲಿ ಸ್ಟಾರ್ಟಪ್ ಸ್ಕ್ರಿಪ್ಟ್ ಹಾಕಿ ರೀಸ್ಟಾರ್ಟ್ ಮಾಡಬಹುದು. ಆಫೀಸಿನ ಸರ್ವರ್ ಆದರೆ ಆಂಟಿವೈರಸ್ ಅಥವಾ ಮಾನಿಟರಿಂಗ್ ಸಾಫ್ಟ್‌ವೇರ್‌ನ ಕನ್ಸೋಲ್‌ನಲ್ಲಿ 'ಸ್ಕ್ರಿಪ್ಟ್ ಓಡಿಸು' ಅನ್ನುವ ಬಟನ್ ಇದೆಯಾ ಹುಡುಕಿ. ಓಡಿಸಬೇಕಾದ್ದು ಮೇಲೆ ಹೇಳಿದ ಅದೇ ಎರಡು ಸಾಲಿನ ಫೈಲ್, ಜೊತೆಗೆ ಎಸ್‌ಇಡಿನೈನೆಟ್‌ವರ್ಕ್‌ಲಾಗಾನ್‌ರೈಟ್ ಸಾಲು.

ಡೊಮೇನ್‌ಗೆ ಸೇರಿದ ಸರ್ವರ್ ಆದರೆ ಇನ್ನೂ ಸುಲಭ. ಸರ್ವರ್ ತಾನೇ ಡೊಮೇನ್ ಕಂಟ್ರೋಲರ್ ಹತ್ತಿರ ಹೋಗಿ ಗ್ರೂಪ್ ಪಾಲಿಸಿ ಕೇಳಿಕೊಂಡು ಬರುತ್ತದೆ, ಹೊರಗಿನವರು ಒಳಗೆ ಬರುವ ಹಕ್ಕಿಗೂ ಇದಕ್ಕೂ ಸಂಬಂಧ ಇಲ್ಲ. ಆ ಸರ್ವರ್‌ಗೆ ಮಾತ್ರ ತಾಗುವಂತೆ ಒಂದು ಪಾಲಿಸಿ ಮಾಡಿ, ಆ ಡಿನೈ ಹಕ್ಕುಗಳನ್ನು 'ಡಿಫೈನ್' ಮಾಡಿ ಪಟ್ಟಿಯನ್ನು ಖಾಲಿ ಬಿಡಿ. ಡೊಮೇನ್ ಪಾಲಿಸಿ ಲೋಕಲ್ ಪಾಲಿಸಿಯ ಮೇಲೆ ಕೂರುತ್ತದೆ. 90 ನಿಮಿಷಕ್ಕೊಮ್ಮೆ, ಕೆಲವೊಮ್ಮೆ ಅದರ ಮೇಲೆ 30 ನಿಮಿಷದವರೆಗೆ ಹೆಚ್ಚಾಗಿ, ಸರ್ವರ್ ಹೊಸ ಪಾಲಿಸಿ ನೋಡುತ್ತದೆ, ಅಷ್ಟು ಕಾಯಿರಿ ಅಥವಾ ಸರ್ವರ್ ರೀಸ್ಟಾರ್ಟ್ ಮಾಡಿ. ತಪ್ಪು ಬಂದಿದ್ದೇ ಡೊಮೇನ್ ಪಾಲಿಸಿಯಿಂದ ಆಗಿದ್ದರೆ ಸರ್ವರ್ ಒಳಗೆ ಮಾತ್ರ ಸರಿ ಮಾಡಿ ಸುಮ್ನೆ ಕೂರಬೇಡಿ. ಬದಲಾವಣೆ ಇಲ್ಲದಿದ್ದರೂ ಸೆಕ್ಯುರಿಟಿ ಸೆಟ್ಟಿಂಗ್‌ಗಳನ್ನು 16 ಗಂಟೆಗೊಮ್ಮೆ ವಿಂಡೋಸ್ ಮತ್ತೆ ಹೇರುತ್ತದೆ, ಬೆಳಗ್ಗೆ ಬಂದು ನೋಡಿದರೆ ಮತ್ತೆ ಹೊರಗೇ ಇರುತ್ತೀರಿ.

ನೆಟ್‌ವರ್ಕೂ ಇಲ್ಲ, ಏಜೆಂಟೂ ಇಲ್ಲ, ಡೊಮೇನೂ ಇಲ್ಲ ಅಂದಾಗ ಮಾತ್ರ ಇನ್‌ಸ್ಟಾಲ್ ಯುಎಸ್‌ಬಿಯಿಂದ ಬೂಟ್ ಮಾಡುವ ದಾರಿ. ಇದನ್ನು ನಿಮ್ಮದೇ ಸರ್ವರ್‌ನಲ್ಲಿ, ಮಾಲೀಕರ ಒಪ್ಪಿಗೆಯೊಂದಿಗೆ ಮಾಡಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ಎನ್‌ಕ್ರಿಪ್ಶನ್) ಇದ್ದರೆ ರಿಕವರಿ ಕೀ ಬೇಕು. ಸೆಟಪ್ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಮಾಂಡ್ ಪ್ರಾಂಪ್ಟ್ ಬರುತ್ತದೆ. ಡ್ರೈವ್ ಅಕ್ಷರಗಳು ಇಲ್ಲಿ ಬದಲಾಗಿರಬಹುದು, ಮೊದಲು ಅದನ್ನು ನೋಡಿಕೊಳ್ಳಿ. ಲಾಗಿನ್ ಹಕ್ಕುಗಳು ಇರುವುದು ಸಿಸ್ಟಮ್32 ಒಳಗಿನ ಕಾನ್ಫಿಗ್ ಫೋಲ್ಡರ್‌ನ 'ಸೆಕ್ಯುರಿಟಿ' ಅನ್ನುವ ಫೈಲ್‌ನಲ್ಲಿ. ಅದರ ಕಾಪಿ ಮಾಡಿಟ್ಟು, ರೆಜ್‌ಎಡಿಟ್ ಅನ್ನುವ ರಿಜಿಸ್ಟ್ರಿ ಎಡಿಟರ್‌ನಲ್ಲಿ 'ಲೋಡ್ ಹೈವ್' ಮಾಡಿ, ಪಾಲಿಸಿ, ಅಕೌಂಟ್ಸ್, 545ರಲ್ಲಿ ಮುಗಿಯುವ ನಂಬರ್, ಅದರೊಳಗೆ 'ಆಕ್ಟ್‌ಸಿಸ್‌ಎಸಿ' ಅಂತ ಹೋಗಿ. ಅಲ್ಲಿ ನಾಲ್ಕು ಬೈಟ್ ಇರುತ್ತದೆ. ಪ್ರತಿ ಹಕ್ಕಿಗೂ ಒಂದು ಬೆಲೆ: ಲೋಕಲ್ ಲಾಗಿನ್‌ಗೆ 1, ನೆಟ್‌ವರ್ಕ್‌ಗೆ 2, ಲೋಕಲ್ ಡಿನೈಗೆ 64, ನೆಟ್‌ವರ್ಕ್ ಡಿನೈಗೆ 128, ರಿಮೋಟ್ ಡೆಸ್ಕ್‌ಟಾಪ್ ಡಿನೈಗೆ 2048. ಎಲ್ಲ ಕೂಡಿಸಿದ ಮೊತ್ತ ಅಲ್ಲಿರುತ್ತದೆ. ನಿಮ್ಮ ಸರ್ವರ್‌ನಲ್ಲೇ ನೋಡಿದ್ದರೆ 1, 2, 64, 2048 ಸೇರಿ 2115, ಹೆಕ್ಸಾಡೆಸಿಮಲ್‌ನಲ್ಲಿ (16ರ ಎಣಿಕೆಯಲ್ಲಿ) 0843, ಅದು ಅಲ್ಲಿ ತಿರುವು ಮುರುವಾಗಿ 43 08 00 00 ಅಂತ ಕಾಣುತ್ತಿತ್ತು. ಡಿನೈಗಳನ್ನು ಕಳೆದರೆ 03 00 00 00. ಇದು ಕೈ ನಡುಗದೆ ಮಾಡಬೇಕಾದ ಕೆಲಸ, ಮೇಲಿನ ಎಲ್ಲ ದಾರಿ ಮುಚ್ಚಿದಾಗ ಮಾತ್ರ.

ಇನ್ನು ನಿಮಗೆ ನಿಜವಾಗಿ ಬೇಕಿದ್ದ ವಿಷಯ. ಸಿಬ್ಬಂದಿ ಸರ್ವರ್‌ಗೆ ಲಾಗಿನ್ ಆಗಬಾರದು, ಸರಿ. ರಿಮೋಟ್ ಡೆಸ್ಕ್‌ಟಾಪ್‌ಗೆ ನೀವು ಏನೂ ಮಾಡಬೇಕಿರಲಿಲ್ಲ. ಅಡ್ಮಿನಿಸ್ಟ್ರೇಟರ್ಸ್ ಮತ್ತು 'ರಿಮೋಟ್ ಡೆಸ್ಕ್‌ಟಾಪ್ ಯೂಸರ್ಸ್' ಗುಂಪಿನವರಿಗೆ ಮಾತ್ರ ಅದು ಸಿಗುತ್ತದೆ, ಎರಡನೇ ಗುಂಪು ಖಾಲಿ ಇದೆಯಾ ನೋಡಿಕೊಂಡರೆ ಸಾಕು. ಸರ್ವರ್ ಮುಂದೆ ಕೂತು ಲಾಗಿನ್ ಆಗುವುದನ್ನು ತಡೆಯಲು 'ಅಲೌ ಲಾಗ್ ಆನ್ ಲೋಕಲಿ' ಪಟ್ಟಿಯಿಂದ ಯೂಸರ್ಸ್ ಗುಂಪನ್ನು ತೆಗೆಯಿರಿ, ಅಡ್ಮಿನಿಸ್ಟ್ರೇಟರ್ಸ್ ಇರಲಿ. ಡಿನೈ ಬೇಕೇ ಬೇಕು ಅಂದರೆ ನೀವೇ ಒಂದು ಹೊಸ ಗುಂಪು ಮಾಡಿ, ಅದಕ್ಕೆ ಸಿಬ್ಬಂದಿಯನ್ನು ಒಬ್ಬೊಬ್ಬರಾಗಿ ಸೇರಿಸಿ, ಆ ಗುಂಪನ್ನು ಡಿನೈಗೆ ಹಾಕಿ. ವಿಂಡೋಸ್ ಜೊತೆಗೆ ಬಂದ ಗುಂಪುಗಳನ್ನು ಡಿನೈಗೆ ಹಾಕಬೇಡಿ.

ಮುಂದಿನ ಸಲ ಪಾಲಿಸಿ ಬದಲಿಸುವ ಮೊದಲು ಹೀಗೆ ಮಾಡಿ: ಈಗಿನ ಹಕ್ಕುಗಳನ್ನು ಸೆಕ್‌ಎಡಿಟ್‌ನಿಂದ ಫೈಲ್‌ಗೆ ಇಳಿಸಿ, ಎರಡು ಡಿನೈ ಸಾಲು ಅದರಲ್ಲಿ ಇಲ್ಲದಿದ್ದರೆ ಖಾಲಿಯಾಗಿ ಸೇರಿಸಿ, ಇನ್ನು 20 ನಿಮಿಷಕ್ಕೆ ಆ ಫೈಲನ್ನು ವಾಪಸ್ ಹಾಕುವ ಒಂದು ಕೆಲಸವನ್ನು ಟಾಸ್ಕ್ ಶೆಡ್ಯೂಲರ್‌ನಲ್ಲಿ ಸಿಸ್ಟಮ್ ಹೆಸರಿನಲ್ಲಿ ಇಟ್ಟು, ಆಮೇಲೆ ಬದಲಾವಣೆ ಮಾಡಿ. ಇರುವ ಸೆಷನ್ ಮುಚ್ಚದೆ ಇನ್ನೊಂದು ಕಂಪ್ಯೂಟರ್‌ನಿಂದ ಹೊಸದಾಗಿ ಲಾಗಿನ್ ಆಗಿ ನೋಡಿ. ಆಯಿತಾ, ಶೆಡ್ಯೂಲ್ ಮಾಡಿದ್ದನ್ನು ಅಳಿಸಿ. ಆಗಲಿಲ್ಲವಾ, ಕಾಫಿ ಕುಡಿದು ಬನ್ನಿ, ಅಷ್ಟರಲ್ಲಿ ಅದೇ ಸರಿಯಾಗಿರುತ್ತದೆ. ಜುನಿಪರ್ ರೂಟರ್‌ಗಳಲ್ಲಿ 'ಕಮಿಟ್ ಕನ್‌ಫರ್ಮ್ಡ್' ಅಂತ ಇದೇ ಸೌಲಭ್ಯ ಇದೆ, 10 ನಿಮಿಷದಲ್ಲಿ ನೀವು ಖಚಿತ ಮಾಡದಿದ್ದರೆ ಹಳೆಯದಕ್ಕೆ ಹೋಗುತ್ತದೆ. ವಿಂಡೋಸ್‌ನಲ್ಲಿ ಅದನ್ನು ನಾವೇ ಕಟ್ಟಿಕೊಳ್ಳಬೇಕು.

ಒಳಗೆ ಬಂದ ಮೇಲೆ ಮೂರು ಸಣ್ಣ ಕೆಲಸ ಬಾಕಿ ಇರುತ್ತವೆ. ನಿಮ್ಮ ಕಂಪ್ಯೂಟರ್‌ನ ಟ್ರಸ್ಟೆಡ್ ಹೋಸ್ಟ್ಸ್ ಪಟ್ಟಿಯಿಂದ ಸರ್ವರ್ ವಿಳಾಸ ತೆಗೆಯಿರಿ. ಟ್ಯಾಲಿ ಡ್ರೈವ್ ತೆಗೆದಿದ್ದರೆ ಮತ್ತೆ ಮ್ಯಾಪ್ ಮಾಡಿ. ಸರ್ವರ್‌ನ ಈವೆಂಟ್ ವ್ಯೂವರ್‌ನಲ್ಲಿ ಸೆಕ್ಯುರಿಟಿ ಲಾಗ್ ತೆರೆದು 4717 ಮತ್ತು 4718 ನಂಬರ್‌ಗಳನ್ನು ನೋಡಿ. ಲಾಗಿನ್ ಹಕ್ಕು ಸೇರಿಸಿದಾಗ 4717, ತೆಗೆದಾಗ 4718. ನೀವು ಮಾಡಿದ ಬದಲಾವಣೆ ಬಿಟ್ಟು ಬೇರೆ ಯಾವುದಾದರೂ ಅಲ್ಲಿ ಕಂಡರೆ, ದಿನಾಂಕ ಮತ್ತು ಅಕೌಂಟ್ ಹೆಸರು ಬರೆದಿಟ್ಟುಕೊಂಡು ಮತ್ತೆ ನನಗೆ ಬರೆಯಿರಿ.